ಅಂಗಡಿ ಡೆಸ್ಕ್‌ಟಾಪ್ ಜಾಗಕ್ಕೆ ಗೇಮಿಂಗ್ ಲ್ಯಾಪ್‌ಟಾಪ್: ಯಾರಿಗೆ ಆಗಿಬರುತ್ತೆ, ಕೊಳ್ಳುವಾಗ ಏನೇನು ನೋಡಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಂಟು-ಹತ್ತು ವರ್ಷದಿಂದ ಸ್ಟುಡಿಯೋ, ಡಿಟಿಪಿ ಸೆಂಟರ್, ಜೆರಾಕ್ಸ್ ಅಂಗಡಿಗಳಲ್ಲಿ ದುಡಿಯುತ್ತಿರುವ ಬಹಳಷ್ಟು ಡೆಸ್ಕ್‌ಟಾಪ್‌ಗಳಿಗೆ ವಿಂಡೋಸ್ 11 ಹಾಕೋಕೆ ಬರಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಹೀಗಾಗಿ ಹಳೇ ಸಿಪಿಯು ಡಬ್ಬಿ ಬದಲಿಸುವ ಮಾತು ಅನೇಕ ಅಂಗಡಿಗಳಲ್ಲಿ ನಡೆದಿದೆ. ಅದೇ ಹೊತ್ತಿಗೆ ಮನೆಯಲ್ಲಿ ಮಗ ಇಂಜಿನಿಯರಿಂಗ್ ಸೇರಿರುತ್ತಾನೆ, ಅವನಿಗೊಂದು ಲ್ಯಾಪ್‌ಟಾಪ್ ಬೇಕು. 'ಎರಡು ಬೇಡ ಅಪ್ಪಾ, ಒಂದು ಒಳ್ಳೇ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡ್ರೆ ಅಂಗಡಿಗೂ ಆಗುತ್ತೆ, ನನಗೂ ಆಗುತ್ತೆ' ಎಂಬ ವಾದ ಎದ್ದು ನಿಲ್ಲೋದು ಅಲ್ಲೇ.

ಆ ವಾದದಲ್ಲಿ ಹುರುಳಿಲ್ಲ ಅಂತೇನಿಲ್ಲ. ಆದರೆ ಮುಕ್ಕಾಲು ಲಕ್ಷದಿಂದ ಒಂದೂವರೆ ಲಕ್ಷದವರೆಗೆ ಸುರಿಯುವ ವ್ಯವಹಾರ ಇದು. ಡಬ್ಬದ ಮೇಲಿನ ಹೆಸರು ನೋಡಿ ತಂದವರು, ಅದೇ ಹೆಸರಿನ ಇನ್ನೊಂದು ಲ್ಯಾಪ್‌ಟಾಪ್ ಪಕ್ಕದ ಅಂಗಡಿಯಲ್ಲಿ ದುಪ್ಪಟ್ಟು ವೇಗವಾಗಿ ಕೆಲಸ ಮಾಡೋದನ್ನ ನೋಡಿ ಕೈ ಹಿಸುಕಿಕೊಳ್ಳುವ ಸಂದರ್ಭ ಇಲ್ಲಿ ಸುಲಭವಾಗಿ ಬರುತ್ತೆ.

ಮೊದಲು ಕೆಲಸ ಯಾವುದು ನೋಡಿ

ಬರೀ ಬಿಲ್ಲಿಂಗ್, ಟ್ಯಾಲಿ, ನುಡಿಯಲ್ಲಿ ಅರ್ಜಿ ಟೈಪಿಂಗ್, ಸೇವಾ ಸಿಂಧು ಅರ್ಜಿ, ಪಹಣಿ ಪ್ರಿಂಟ್. ಇಷ್ಟೇ ಕೆಲಸ ಇದ್ದರೆ ಗೇಮಿಂಗ್ ಲ್ಯಾಪ್‌ಟಾಪ್ ಮಾತು ಇಲ್ಲಿಗೇ ಬಿಡಬಹುದು. ಅದಕ್ಕೆ 8 ಅಥವಾ 16 ಜಿಬಿ ರ‍್ಯಾಮ್ ಇರುವ ಸಾಧಾರಣ ಡೆಸ್ಕ್‌ಟಾಪ್ ಸಾಕೋ ಸಾಕು. ಗೇಮಿಂಗ್ ಲ್ಯಾಪ್‌ಟಾಪ್‌ನ ಬೆಲೆಯಲ್ಲಿ ದೊಡ್ಡ ಪಾಲು ಅದರೊಳಗಿನ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಿರುತ್ತೆ. ಟ್ಯಾಲಿ ಆ ಕಾರ್ಡನ್ನು ಮುಟ್ಟೋದೂ ಇಲ್ಲ.

ಮದುವೆ ವಿಡಿಯೋ ಎಡಿಟ್ ಮಾಡುವವರು, ಡ್ರೋನ್‌ನಲ್ಲಿ 4ಕೆ ಚಿತ್ರೀಕರಣ ಮಾಡುವವರು, ಆಲ್ಬಂ ಮತ್ತು ಫ್ಲೆಕ್ಸ್ ಡಿಸೈನರ್‌ಗಳು, ಆಟೋಕ್ಯಾಡ್ ಜೊತೆಗೆ ತ್ರಿಡಿ ಎಲಿವೇಷನ್ ಮಾಡಿಕೊಡುವ ಸಿವಿಲ್ ಇಂಜಿನಿಯರ್‌ಗಳು, ಇವರಿಗೆ ಲೆಕ್ಕ ಬೇರೆ. ಪ್ರೀಮಿಯರ್, ಡಾವಿಂಚಿ ರಿಸಾಲ್ವ್, ಬ್ಲೆಂಡರ್‌ನಂಥ ಸಾಫ್ಟ್‌ವೇರ್‌ಗಳು ಗ್ರಾಫಿಕ್ಸ್ ಕಾರ್ಡನ್ನು ನಿಜವಾಗಿ ದುಡಿಸಿಕೊಳ್ಳುತ್ತವೆ. ಒಂದು ಮಾತು ಮಾತ್ರ ನೆನಪಿರಲಿ. ಎರಡು ಆಯಾಮದ ಪ್ಲ್ಯಾನ್ ಮಾತ್ರ ಬರೆಯುವ ಆಟೋಕ್ಯಾಡ್ ಕೆಲಸಕ್ಕೆ ದೊಡ್ಡ ಕಾರ್ಡ್ ಬೇಕಿಲ್ಲ. ಫೋಟೋಶಾಪ್‌ಗೂ ಕಾರ್ಡ್‌ಗಿಂತ ರ‍್ಯಾಮ್ ಮುಖ್ಯ.

ಇನ್ನೊಂದು ಪ್ರಶ್ನೆ ಇದೆ. ಕಂಪ್ಯೂಟರ್ ಜಾಗ ಬಿಟ್ಟು ಅಲುಗಾಡುತ್ತಾ? ಮದುವೆ ಮಂಟಪದಲ್ಲೇ ಲೈವ್ ಮಿಕ್ಸಿಂಗ್, ಸೈಟಿನಲ್ಲಿ ಮನೆ ಮಾಲೀಕರಿಗೆ ತ್ರಿಡಿ ತೋರಿಸೋದು, ಹಗಲು ಅಂಗಡಿ ರಾತ್ರಿ ಮನೆ, ಮಗನ ಹಾಸ್ಟೆಲ್. ಹೀಗಿದ್ದರೆ ಲ್ಯಾಪ್‌ಟಾಪ್‌ಗೆ ಅರ್ಥ ಇದೆ. ಟೇಬಲ್ ಬಿಟ್ಟು ಕದಲೋದೇ ಇಲ್ಲ ಅಂದರೆ ಡೆಸ್ಕ್‌ಟಾಪೇ ಲಾಭ. ಅದೇ ದುಡ್ಡಿಗೆ ಹೆಚ್ಚು ಶಕ್ತಿ ಸಿಗುತ್ತೆ, ಐದು ವರ್ಷ ಆದಮೇಲೆ ಕಾರ್ಡ್ ಒಂದನ್ನೇ ಬದಲಿಸಬಹುದು, ಎಸ್‌ಎಂಪಿಎಸ್ ಸುಟ್ಟರೆ ಸಂಜೆಯೊಳಗೆ ಹೊಸದು ಹಾಕಿಸಿಕೊಂಡು ಕೂರಬಹುದು. ಲ್ಯಾಪ್‌ಟಾಪ್‌ನ ಮದರ್‌ಬೋರ್ಡ್ ಹೋದರೆ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಅದರಲ್ಲೇ ಬೆಸುಗೆ ಆಗಿರೋದರಿಂದ ಮೂರೂ ಒಟ್ಟಿಗೆ ಹೋದಂತೆ. ಬಿಡಿಭಾಗ ಬರುವ ತನಕ ಅಂಗಡಿ ಬಾಗಿಲು ತೆರೆದಿದ್ದರೂ ಕೆಲಸ ಇಲ್ಲ.

ಅಪ್ಪ-ಮಗ ಇಬ್ಬರಿಗೂ ಒಂದೇ ಅನ್ನೋ ಲೆಕ್ಕ ಕಾಗದದ ಮೇಲೆ ಚೆಂದ. ಮಗ ಸೋಮವಾರದಿಂದ ಶನಿವಾರದವರೆಗೆ ಹಾಸ್ಟೆಲ್‌ನಲ್ಲಿದ್ದರೆ ಅಂಗಡಿಗೆ ಉಳಿಯೋದು ಭಾನುವಾರ ಮಾತ್ರ.

ಹೆಸರು ಒಂದೇ, ಶಕ್ತಿ ಬೇರೆ ಬೇರೆ

ಗ್ರಾಹಕರು ಹೆಚ್ಚಾಗಿ ಎಡವುವ ಜಾಗ ಗ್ರಾಫಿಕ್ಸ್ ಕಾರ್ಡ್. ಡೆಸ್ಕ್‌ಟಾಪ್ ಕಾರ್ಡ್ ಮತ್ತು ಲ್ಯಾಪ್‌ಟಾಪ್ ಕಾರ್ಡ್‌ಗೆ ಕಂಪನಿ ಒಂದೇ ಹೆಸರು ಇಡುತ್ತೆ, ಹಿಂದೆ 'ಲ್ಯಾಪ್‌ಟಾಪ್ ಜಿಪಿಯು' ಅಂತ ಎರಡು ಪದ ಸೇರಿಸುತ್ತೆ ಅಷ್ಟೇ. ಒಳಗಿನ ಚಿಪ್ ಒಂದೇ ಆಗಿರಬೇಕು ಅಂತಿಲ್ಲ.

ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ತೆಗೆದುಕೊಳ್ಳಿ. ಡೆಸ್ಕ್‌ಟಾಪ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಅದಕ್ಕೆ 3072 ಕೋರ್, 8 ಜಿಬಿ ಮೆಮೊರಿ. ವ್ಯತ್ಯಾಸ ಕಡಿಮೆ. 4070ಕ್ಕೆ ಬನ್ನಿ: ಡೆಸ್ಕ್‌ಟಾಪ್‌ನದರಲ್ಲಿ 5888 ಕೋರ್, 12 ಜಿಬಿ. ಲ್ಯಾಪ್‌ಟಾಪ್‌ನದರಲ್ಲಿ 4608 ಕೋರ್, 8 ಜಿಬಿ. 4090ಕ್ಕೆ ಹೋದರೆ ಡೆಸ್ಕ್‌ಟಾಪ್‌ನಲ್ಲಿ 16,384 ಕೋರ್, 24 ಜಿಬಿ, 450 ವಾಟ್. ಲ್ಯಾಪ್‌ಟಾಪ್‌ನಲ್ಲಿ 9,728 ಕೋರ್, 16 ಜಿಬಿ. ಮೇಲೆ ಹೋದಷ್ಟೂ ಹೆಸರಿಗೂ ವಸ್ತುವಿಗೂ ಅಂತರ ಜಾಸ್ತಿ. ಡೆಸ್ಕ್‌ಟಾಪ್ ಬದಲಿಗೆ ಲ್ಯಾಪ್‌ಟಾಪ್ ಅನ್ನುವ ಲೆಕ್ಕ 50 ಮತ್ತು 60ರ ಸಾಲಿನಲ್ಲಿ ಹೊಂದುತ್ತೆ. 80, 90ರ ಸಾಲಿನಲ್ಲಿ ಹೆಸರಿಗೆ ದುಡ್ಡು ಕೊಟ್ಟಂತಾಗುತ್ತೆ. 2025ರಲ್ಲಿ ಬಂದ 50 ಸರಣಿಯಲ್ಲೂ ಇದೇ ಕಥೆ. ಆರ್‌ಟಿಎಕ್ಸ್ 5070 ಡೆಸ್ಕ್‌ಟಾಪ್ ಕಾರ್ಡ್‌ಗೆ 12 ಜಿಬಿ, ಅದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡ್‌ಗೆ 8 ಜಿಬಿ.

ಇದು ಅರ್ಧ ಕಥೆ. ಇನ್ನರ್ಧ ವಾಟ್‌ನದ್ದು. ಲ್ಯಾಪ್‌ಟಾಪ್‌ನ 4060 ಕಾರ್ಡನ್ನು 35 ವಾಟ್‌ನಿಂದ 115 ವಾಟ್‌ವರೆಗೆ ಎಷ್ಟಕ್ಕೆ ಬೇಕಾದರೂ ಕಟ್ಟಿಹಾಕುವ ಸ್ವಾತಂತ್ರ್ಯ ಲ್ಯಾಪ್‌ಟಾಪ್ ತಯಾರಿಸುವ ಕಂಪನಿಗೆ ಇದೆ. ಕೆಲವರು ಅದರ ಮೇಲೆ 'ಡೈನಾಮಿಕ್ ಬೂಸ್ಟ್' ಸೇರಿಸಿ 140 ವಾಟ್ ಅಂತ ಬರೆಯುತ್ತಾರೆ. ಒಂದೇ ಬೋರಿನ ನೀರು, ಒಬ್ಬರ ಮನೆಗೆ ಅರ್ಧ ಇಂಚಿನ ಪೈಪು, ಇನ್ನೊಬ್ಬರಿಗೆ ಒಂದೂವರೆ ಇಂಚು. ನೀರು ಅದೇ ಆದರೂ ತೊಟ್ಟಿ ತುಂಬುವ ಹೊತ್ತು ಬೇರೆ. ತೆಳ್ಳಗೆ, ಹಗುರವಾಗಿ, ನೋಡೋಕೆ ಚೆಂದ ಇರುವ ಮಾಡೆಲ್‌ಗಳಲ್ಲಿ ವಾಟ್ ಕಡಿಮೆ ಇರುವ ಸಂಭವ ಹೆಚ್ಚು, ಯಾಕಂದ್ರೆ ಶಾಖ ಹೊರಹಾಕಲು ಒಳಗೆ ಜಾಗ ಇರಲ್ಲ. ಕಡಿಮೆ ವಾಟ್‌ನ 4060ಗಿಂತ ಪೂರ್ತಿ ವಾಟ್‌ನ 4050 ಚೆನ್ನಾಗಿ ಓಡುವ ಸಂದರ್ಭವೂ ಇದೆ. ಹಾಗಂತ ವಾಟ್ ಏರಿದಷ್ಟೂ ವೇಗ ಏರುತ್ತಲೇ ಹೋಗಲ್ಲ. 4060ಯಲ್ಲಿ 100 ವಾಟ್ ದಾಟಿದ ಮೇಲೆ ಸಿಗುವ ಲಾಭ ಅಲ್ಪ.

ಈ ಅಂಕಿ ಎಲ್ಲಿ ಸಿಗುತ್ತೆ? ಅಂಗಡಿಯ ಬೋರ್ಡಿನಲ್ಲಿ, ಆನ್‌ಲೈನ್ ಮಾರಾಟದ ಪುಟದಲ್ಲಿ ಬಹುತೇಕ ಇರೋದಿಲ್ಲ. ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿ ಆ ಮಾಡೆಲ್ ನಂಬರಿನ ಪೂರ್ತಿ ವಿವರದೊಳಗೆ 'ಟಿಜಿಪಿ' ಅಥವಾ 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಎಂಬ ಸಾಲು ಹುಡುಕಿ. ಅಂಗಡಿಯಲ್ಲಿ ಡೆಮೋ ಪೀಸ್ ಇದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು 'ಸಿಸ್ಟಂ ಇನ್ಫರ್ಮೇಷನ್' ಒತ್ತಿದರೆ ಅಲ್ಲಿ ವಾಟ್ ಬರೆದಿರುತ್ತೆ. ಇದನ್ನ ನೋಡ್ತೀವಿ ಅಂದ ಕೂಡಲೇ ಅಂಗಡಿಯವರ ಮಾತಿನ ಧಾಟಿಯೂ ಬದಲಾಗುತ್ತೆ.

ಕಾರ್ಡಿನ ಸ್ವಂತ ಮೆಮೊರಿಯನ್ನೂ ಗಮನಿಸಿ. 4 ಜಿಬಿಯ ಆರ್‌ಟಿಎಕ್ಸ್ 3050 ಈಗಲೂ ಕಡಿಮೆ ಬೆಲೆಗೆ ಮಾರಾಟಕ್ಕಿದೆ. 4ಕೆ ವಿಡಿಯೋ ಎಡಿಟಿಂಗ್‌ಗೆ, ಹೊಸ ಆಟಗಳಿಗೆ ಅದು ಬೇಗ ಉಸಿರು ಕಟ್ಟುತ್ತೆ. 4050ಯಲ್ಲಿ 6 ಜಿಬಿ ಇದೆ, ಅದು ಕನಿಷ್ಠ. ನಾಲ್ಕೈದು ವರ್ಷ ದುಡಿಯಬೇಕು ಅಂದರೆ 8 ಜಿಬಿ ಇರೋದು ನೋಡಿ. ಲ್ಯಾಪ್‌ಟಾಪ್‌ನಲ್ಲಿ ಇದನ್ನ ಆಮೇಲೆ ಹೆಚ್ಚಿಸೋಕೆ ದಾರಿಯೇ ಇಲ್ಲ.

ಪ್ರೊಸೆಸರ್‌ನ ಬಾಲ ಓದಿ

'ಐ7 ಇದೆ ಸಾರ್' ಅಂದರೆ ಏನೂ ಹೇಳಿದಂತಾಗಲಿಲ್ಲ. ಇಂಟೆಲ್ ಹೆಸರಿನ ಕೊನೆಯ ಅಕ್ಷರ ಮುಖ್ಯ. 'ಯು' ಇದ್ದರೆ ಬ್ಯಾಟರಿ ಉಳಿಸುವ 15 ವಾಟ್ ಜಾತಿ, ಡೆಸ್ಕ್‌ಟಾಪ್ ಜಾಗಕ್ಕೆ ಬೇಡ. 'ಎಚ್' ಇದ್ದರೆ 45 ವಾಟ್, 'ಎಚ್‌ಎಕ್ಸ್' ಇದ್ದರೆ 55 ವಾಟ್. ಎಚ್‌ಎಕ್ಸ್ ಅಂದರೆ ಹೆಚ್ಚೂಕಡಿಮೆ ಡೆಸ್ಕ್‌ಟಾಪ್ ಚಿಪ್ಪನ್ನೇ ಲ್ಯಾಪ್‌ಟಾಪ್‌ಗೆ ಕೂರಿಸಿದ್ದು. ಉದಾಹರಣೆಗೆ ಐ7-13620ಎಚ್‌ನಲ್ಲಿ 10 ಕೋರ್, ಐ7-13650ಎಚ್‌ಎಕ್ಸ್‌ನಲ್ಲಿ 14 ಕೋರ್. ಎರಡೂ ಐ7, ಎರಡೂ ಹದಿಮೂರನೇ ತಲೆಮಾರು. ವಿಡಿಯೋ ರೆಂಡರ್ ಮಾಡುವವರಿಗೆ ಈ ನಾಲ್ಕು ಕೋರ್ ಲೆಕ್ಕಕ್ಕೆ ಬರುತ್ತೆ. ಆದರೆ ಎಚ್‌ಎಕ್ಸ್ ಕರೆಂಟ್ ಹೀರುತ್ತೆ, ಬ್ಯಾಟರಿ ಬೇಗ ಖಾಲಿ.

ಎಎಂಡಿಯಲ್ಲಿ ಇನ್ನೊಂದು ತರದ ಗೋಜಲು. ರೈಜನ್ 7000 ಸರಣಿಯ ನಾಲ್ಕು ಅಂಕಿಯಲ್ಲಿ ಮೂರನೆಯದು ಚಿಪ್ಪಿನ ನಿಜವಾದ ತಲೆಮಾರು ಹೇಳುತ್ತೆ. 7840ರಲ್ಲಿ ಅದು 4, ಅಂದರೆ ಜೆನ್ 4. 7735ರಲ್ಲಿ ಅದು 3, ಅಂದರೆ ಹಳೇ ವಿನ್ಯಾಸಕ್ಕೆ ಹೊಸ ಅಂಗಿ. ಕೆಟ್ಟದ್ದೇನಲ್ಲ, ಆದರೆ ಹೊಸದರ ಬೆಲೆ ಕೊಡಬಾರದು.

ದುಡ್ಡು ಸೀಮಿತವಾಗಿದ್ದರೆ ಆಟಕ್ಕೆ ಕಾರ್ಡ್ ಮೇಲೂ, ಎಡಿಟಿಂಗ್‌ಗೆ ಪ್ರೊಸೆಸರ್ ಮತ್ತು ರ‍್ಯಾಮ್ ಮೇಲೂ ಹೆಚ್ಚು ಹಾಕಬೇಕು. ಐ9 ಜೊತೆ 4050 ಇರುವ ಮಾಡೆಲ್‌ಗಳು ಹೆಸರಿಗೆ ಭಾರಿ, ಜೋಡಿ ಮಾತ್ರ ಸರಿಯಾದದ್ದಲ್ಲ.

ರ‍್ಯಾಮ್, ಎಸ್‌ಎಸ್‌ಡಿ

16 ಜಿಬಿ ರ‍್ಯಾಮ್ ಕನಿಷ್ಠ, ಎಡಿಟಿಂಗ್‌ಗೆ 32. 16 ಜಿಬಿ ಅಂದಾಗ 8ರ ಎರಡು ಕಡ್ಡಿಯೋ, 16ರ ಒಂದೇ ಕಡ್ಡಿಯೋ ಕೇಳಿ. ಎರಡು ಕಡ್ಡಿ ಇದ್ದರೆ ವೇಗ ಹೆಚ್ಚು. ಒಂದೇ ಇದ್ದರೆ ಇನ್ನೊಂದು ಸ್ಲಾಟ್ ಖಾಲಿ ಇರುತ್ತೆ, ಮುಂದೆ ಸೇರಿಸಬಹುದು. ತೆಳು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತೆ, ಅಂಥದ್ದನ್ನ ಡೆಸ್ಕ್‌ಟಾಪ್ ಬದಲಿಗೆ ಕೊಳ್ಳಬಾರದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. 'ಈಗ 8 ಇರಲಿ, ಆಮೇಲೆ ಹಾಕಿಸೋಣ' ಅನ್ನೋ ಹಳೇ ಉಪಾಯ ಮೊದಲಿನಷ್ಟು ಅಗ್ಗ ಅಲ್ಲ. ಎಸ್‌ಎಸ್‌ಡಿಗೆ ಎರಡನೇ ಎಂ.2 ಸ್ಲಾಟ್ ಇದ್ದರೆ ಸ್ಟುಡಿಯೋದವರಿಗೆ ವರ. ಮದುವೆ ಫೂಟೇಜ್ ತುಂಬಿದರೆ 512 ಜಿಬಿ ಒಂದು ವಾರಕ್ಕೂ ಬರಲ್ಲ.

ಪರದೆ ವಿಷಯ

ಡೆಸ್ಕ್‌ಟಾಪ್ ಜಾಗಕ್ಕೆ ತರುವವರು ಹೇಗೂ ಮಾನಿಟರ್ ಜೋಡಿಸುತ್ತಾರೆ, ಹಳೇ ಮಾನಿಟರ್ ಇದ್ದೇ ಇರುತ್ತೆ. ಹಾಗಿದ್ದಾಗ ಲ್ಯಾಪ್‌ಟಾಪ್‌ನ ಪರದೆ 144 ಹರ್ಟ್ಸೋ 165 ಹರ್ಟ್ಸೋ ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಣ್ಣದ ವಿಷಯ ಬೇರೆ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ '45% ಎನ್‌ಟಿಎಸ್‌ಸಿ' ಎಂದು ಬರೆದಿರುವ ಪರದೆ ಬರುತ್ತೆ. ಅದರಲ್ಲಿ ಸೀರೆಯ ಕೆಂಪು ಒಂದು ತರ ಕಾಣುತ್ತೆ, ಲ್ಯಾಬಿನಿಂದ ಆಲ್ಬಂ ಬಂದಾಗ ಇನ್ನೊಂದು ತರ. ಫೋಟೋ, ಫ್ಲೆಕ್ಸ್ ಕೆಲಸದವರು '100% ಎಸ್‌ಆರ್‌ಜಿಬಿ' ಅಂತ ಬರೆದಿರುವ ಪರದೆಯನ್ನೇ ಆರಿಸಬೇಕು. ಇಲ್ಲಾಂದ್ರೆ ಅಷ್ಟು ಬಣ್ಣ ತೋರಿಸುವ ಐಪಿಎಸ್ ಮಾನಿಟರ್ ಒಂದನ್ನು ಬೇರೆ ತಗೊಂಡು, ಬಣ್ಣದ ನಿರ್ಧಾರವೆಲ್ಲ ಅದರ ಮೇಲೇ ಮಾಡಬೇಕು.

ಮಾನಿಟರ್ ಕೇಬಲ್ ಯಾವ ಕಿಂಡಿಗೆ ಹಾಕ್ತೀರಿ ಅನ್ನೋದೂ ವ್ಯತ್ಯಾಸ ಮಾಡುತ್ತೆ. ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಇರುತ್ತೆ: ಪ್ರೊಸೆಸರ್ ಒಳಗಿನ ಸಣ್ಣದು, ಬೇರೆಯಾಗಿರುವ ದೊಡ್ಡದು. ಬಹಳಷ್ಟು ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಕಿಂಡಿ ದೊಡ್ಡ ಕಾರ್ಡಿಗೆ ನೇರ ಜೋಡಣೆ ಆಗಿರುತ್ತೆ, ಟೈಪ್-ಸಿ ಕಿಂಡಿ ಮಾಡೆಲ್‌ಗೊಂದು ತರ. ಲ್ಯಾಪ್‌ಟಾಪ್‌ನ ಸ್ವಂತ ಪರದೆಯಲ್ಲೇ ಆಡುವವರು 'ಮಕ್ಸ್ ಸ್ವಿಚ್' ಇದೆಯೇ ಕೇಳಿ. ಅದು ಇಲ್ಲದಿದ್ದರೆ ದೊಡ್ಡ ಕಾರ್ಡಿನ ಚಿತ್ರ ಸಣ್ಣ ಗ್ರಾಫಿಕ್ಸ್ ಮೂಲಕ ಸುತ್ತಿ ಬರಬೇಕು, ವೇಗ ಸ್ವಲ್ಪ ಸೋರುತ್ತೆ.

ಕರೆಂಟ್, ಅರ್ಥಿಂಗ್, ಯುಪಿಎಸ್

ತಾಲ್ಲೂಕು ಊರುಗಳಲ್ಲಿ ಲ್ಯಾಪ್‌ಟಾಪ್ ಪರವಾಗಿ ನಿಲ್ಲುವ ದೊಡ್ಡ ಕಾರಣ ಕರೆಂಟ್. ರೆಂಡರ್ ಅರ್ಧಕ್ಕೆ ಬಂದಾಗ ಲೈನ್ ಹೋದರೆ ಡೆಸ್ಕ್‌ಟಾಪ್‌ನಲ್ಲಿ ಮಾಡಿದ ಕೆಲಸ ನೀರುಪಾಲು. ಸಾಮಾನ್ಯವಾಗಿ ಅಂಗಡಿಗಳಲ್ಲಿರುವ 600 ವಿಎ ಯುಪಿಎಸ್ ತಡೆಯೋದು ಸುಮಾರು 360 ವಾಟ್. ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್ ಜೋರಾಗಿ ದುಡಿಯುವಾಗ, ಮಾನಿಟರ್ ಸೇರಿ ಅದನ್ನು ಮುಟ್ಟಿಬಿಡುತ್ತೆ. ಆಗ ಯುಪಿಎಸ್ ಕೊಡೋದು ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಮಾತ್ರ. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇದೆ. ಲೈನ್ ಹೋದರೂ ಫೈಲ್ ಉಳಿಯುತ್ತೆ.

ಆದರೆ ಆ ಬ್ಯಾಟರಿಯ ಮೇಲೆ ಇಡೀ ಸಂಜೆ ಕೆಲಸ ನಡೆಯುತ್ತೆ ಅಂದುಕೊಂಡರೆ ತಪ್ಪು. ವಿಮಾನದಲ್ಲಿ 100 ವಾಟ್-ಅವರ್‌ಗಿಂತ ದೊಡ್ಡ ಬ್ಯಾಟರಿ ಒಯ್ಯಲು ನಿರ್ಬಂಧ ಇರೋದರಿಂದ ಕಂಪನಿಗಳು ಆ ಮಿತಿಯೊಳಗೇ ನಿಲ್ಲುತ್ತವೆ. 90 ವಾಟ್-ಅವರ್ ಬ್ಯಾಟರಿಯಿಂದ 150 ವಾಟ್ ಹೀರಿದರೆ ಬರೋದು 36 ನಿಮಿಷ. ಅಗ್ಗದ ಮಾಡೆಲ್‌ಗಳಲ್ಲಿ ಬ್ಯಾಟರಿ 50-60 ವಾಟ್-ಅವರ್ ಅಷ್ಟೇ. ಜೊತೆಗೆ ಚಾರ್ಜರ್ ತೆಗೆದ ಕೂಡಲೇ ಗೇಮಿಂಗ್ ಲ್ಯಾಪ್‌ಟಾಪ್ ತನ್ನ ಕಾರ್ಡಿನ ವೇಗ ತಾನೇ ಇಳಿಸಿಕೊಳ್ಳುತ್ತೆ. ಬಿಲ್ಲಿಂಗ್, ಟೈಪಿಂಗ್‌ನಂಥ ಹಗುರ ಕೆಲಸಕ್ಕೆ ಒಂದೆರಡು ಗಂಟೆಗೂ ಮೀರಿ ಬಂದೀತು, ರೆಂಡರಿಂಗ್‌ಗೆ ಪ್ಲಗ್ ಇರಲೇಬೇಕು. ಹಳೇ ಯುಪಿಎಸ್ ಮಾರಬೇಡಿ. ಮಾನಿಟರ್ ಮತ್ತು ಇಂಟರ್ನೆಟ್ ರೌಟರ್ ಅದಕ್ಕೆ ಹಾಕಿದರೆ ಕರೆಂಟ್ ಹೋದಾಗಲೂ ಆನ್‌ಲೈನ್ ಅರ್ಜಿ ಕೆಲಸ ನಿಲ್ಲಲ್ಲ. ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್ ಹಾಕುವುದಾದರೆ ಅದು ಸೈನ್ ವೇವ್ ಆಗಿರೋದು ಒಳ್ಳೇದು.

ಅರ್ಥಿಂಗ್ ಬಗ್ಗೆ ಕಂಪ್ಯೂಟರ್ ಅಂಗಡಿಯವರು ಹೇಳೋದು ಕಡಿಮೆ. ಗೇಮಿಂಗ್ ಲ್ಯಾಪ್‌ಟಾಪ್‌ನ ಚಾರ್ಜರ್ 180ರಿಂದ 330 ವಾಟ್‌ವರೆಗಿನ ಇಟ್ಟಿಗೆಯಂಥ ಡಬ್ಬಿ, ಮೂರು ಪಿನ್ನಿನ ಪ್ಲಗ್. ಹಳೇ ಕಟ್ಟಡದ ಅಂಗಡಿಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಅರ್ಥ್ ವೈರ್ ಹಿಂದೆ ಜೋಡಿಸಿರೋದೇ ಇಲ್ಲ. ಆಗ ಲ್ಯಾಪ್‌ಟಾಪ್‌ನ ಲೋಹದ ಭಾಗ ಮುಟ್ಟಿದರೆ ಜುಂ ಅನ್ನುತ್ತೆ. ಅದು ಲ್ಯಾಪ್‌ಟಾಪ್ ಕೆಟ್ಟಿದೆ ಅಂತಲ್ಲ, ಸೋರುವ ಸಣ್ಣ ವಿದ್ಯುತ್ತಿಗೆ ಭೂಮಿಗೆ ಇಳಿಯಲು ದಾರಿ ಇಲ್ಲ ಅಂತ. ಲ್ಯಾಪ್‌ಟಾಪ್ ಬರುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ನೋಡಿಸಿ. ಎರಡು ಪಿನ್ ಅಡಾಪ್ಟರ್ ಹಾಕಿ ಕೆಲಸ ಸಾಗಿಸಬೇಡಿ. ಮಳೆಗಾಲದಲ್ಲಿ ಗುಡುಗು ಶುರುವಾದರೆ ಪ್ಲಗ್ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ. ಸಿಡಿಲು ಆ ದಾರಿಯಿಂದಲೂ ಬರುತ್ತೆ.

ಟೈಪ್-ಸಿ ಚಾರ್ಜಿಂಗ್ ಇದೆ ಅಂದಾಗ ಅದು ಬಹುಪಾಲು 100 ವಾಟ್‌ಗೆ ಸೀಮಿತ. ಊರಿಗೆ ಹೋಗುವಾಗ ಸಣ್ಣ ಚಾರ್ಜರ್ ಒಯ್ಯಲು ಅನುಕೂಲ, ಪೂರ್ತಿ ವೇಗಕ್ಕೆ ಸಾಲದು.

ಬಿಲ್ ಲೆಕ್ಕ ಸರಳ. 200 ವಾಟ್ ಹೀರುತ್ತಾ ದಿನಕ್ಕೆ ನಾಲ್ಕು ತಾಸು ದುಡಿದರೆ ತಿಂಗಳಿಗೆ 24 ಯೂನಿಟ್. ಅದೇ ಕೆಲಸಕ್ಕೆ 400 ವಾಟ್ ಹೀರುವ ಡೆಸ್ಕ್‌ಟಾಪ್ ಆದರೆ 48. ಅಂಗಡಿ ಮೀಟರಿಗೆ ಗೃಹಜ್ಯೋತಿ ಇಲ್ಲ, ಪ್ರತಿ ಯೂನಿಟ್ಟಿಗೂ ದುಡ್ಡು. ಮನೆಯಲ್ಲಿ ರಾತ್ರಿ ಆಟ ಆಡುವ ಮಗನ ಲೆಕ್ಕವೂ ಇದೆ: ಮನೆಗೆ ನಿಗದಿಯಾದ ಪ್ರಮಾಣ ದಾಟಿದ ಯೂನಿಟ್ಟಿಗೆ ಹಣ ಕಟ್ಟಬೇಕು, 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಬರುತ್ತೆ.

ಬಿಸಿ, ಧೂಳು, ಬ್ಯಾಟರಿ

ರಸ್ತೆ ಬದಿ ಅಂಗಡಿಯ ಧೂಳು ಎರಡು ಫ್ಯಾನ್‌ಗಳ ಮೂಲಕ ನೇರ ಒಳಗೆ ಹೋಗುತ್ತೆ. ಡೆಸ್ಕ್‌ಟಾಪ್ ಆದರೆ ಪಕ್ಕದ ತಗಡು ಬಿಚ್ಚಿ ಬ್ಲೋವರ್ ಹಿಡಿದರೆ ಮುಗೀತು. ಲ್ಯಾಪ್‌ಟಾಪ್‌ಗೆ ತಳ ಬಿಚ್ಚಬೇಕು, ಆರು ತಿಂಗಳಿಗೊಮ್ಮೆಯಾದರೂ. ತಳ ಬಿಚ್ಚಿದರೆ ವಾರಂಟಿಗೆ ತೊಂದರೆಯಾ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ಕಂಪನಿಗೊಂದು ನಿಯಮ. ಪ್ರೊಸೆಸರ್ 95-100 ಡಿಗ್ರಿ ಮುಟ್ಟಿದಾಗ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಕಡೆ ತಗಡಿನ ಚಾವಣಿಯ ಅಂಗಡಿಯಲ್ಲಿ ತೆಳು ಲ್ಯಾಪ್‌ಟಾಪ್ ತನ್ನ ಪೂರ್ತಿ ಶಕ್ತಿ ತೋರಿಸೋದು ಕಷ್ಟ. ದಪ್ಪಗಿರುವುದೇ ಲೇಸು. ಹಿಂಭಾಗ ಎರಡು ಇಂಚು ಎತ್ತರಿಸುವ ಸ್ಟ್ಯಾಂಡ್ ಇದ್ದರೆ ಗಾಳಿ ಚೆನ್ನಾಗಿ ಎಳೆದುಕೊಳ್ಳುತ್ತೆ, ಮರದ ತುಂಡು ಕೊಟ್ಟರೂ ಆಗುತ್ತೆ. ಕ್ಯಾಶ್ ಟೇಬಲ್ ಮೇಲಿನ ಮೆತ್ತನೆ ಬಟ್ಟೆ ಮೇಲೆ ಮಾತ್ರ ಇಡಬೇಡಿ.

ಫ್ಯಾನ್ ಸದ್ದಿನ ಬಗ್ಗೆ ಯಾರೂ ಮೊದಲು ಯೋಚಿಸಲ್ಲ. ಪೂರ್ತಿ ವೇಗದಲ್ಲಿ ಅದು ಮಿಕ್ಸಿಯ ತಮ್ಮನಂತೆ ಕೂಗುತ್ತೆ. ಅದರ ಪಕ್ಕ ಕೂತು ವಾಯ್ಸ್ ರೆಕಾರ್ಡಿಂಗ್ ಆಗದ ಮಾತು.

ಹಗಲೆಲ್ಲ ಪ್ಲಗ್‌ನಲ್ಲೇ ಇರುವ ಬ್ಯಾಟರಿ 100ಕ್ಕೆ ತುಂಬಿ, ಬಿಸಿಯಲ್ಲಿ ಬೆಂದು, ಒಂದೆರಡು ವರ್ಷದಲ್ಲಿ ಊದಿಕೊಳ್ಳುವ ಅಪಾಯ ಇದೆ. ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದ್ದರೆ ಅದೇ ಗುರುತು. ತಕ್ಷಣ ಬಳಕೆ ನಿಲ್ಲಿಸಿ ಸರ್ವೀಸ್‌ಗೆ ಕೊಡಬೇಕು. ಇದನ್ನ ತಡೆಯೋಕೆ ಲೆನೊವೊದಲ್ಲಿ 'ಕನ್ಸರ್ವೇಷನ್ ಮೋಡ್', ಆಸುಸ್‌ನ ಮೈಆಸುಸ್ ಆ್ಯಪ್‌ನಲ್ಲಿ 80%ಗೆ ನಿಲ್ಲಿಸುವ ಆಯ್ಕೆ, ಏಸರ್‌ನ ಕೇರ್ ಸೆಂಟರ್‌ನಲ್ಲೂ ಅಂಥದ್ದೇ ವ್ಯವಸ್ಥೆ ಇದೆ. ಡೆಸ್ಕ್‌ಟಾಪ್ ಜಾಗದಲ್ಲಿ ಕೂರಿಸುವವರು ಮೊದಲ ದಿನವೇ ಇದನ್ನ ಹಾಕಿಬಿಡಬೇಕು.

ಅಂಗಡಿಯ ಸಾಮಾನು ಜೋಡಿಸೋದು

ಈಗಿರುವ ಪ್ರಿಂಟರ್, ಬಾರ್‌ಕೋಡ್ ಸ್ಕ್ಯಾನರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್, ಕೀಬೋರ್ಡ್, ಮೌಸ್ ಎಲ್ಲ ಎಣಿಸಿ. ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಯುಎಸ್‌ಬಿ ಕಿಂಡಿ ಮೂರಿದ್ದರೆ ಹೆಚ್ಚು. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಂದು ಬೇಕಾಗುತ್ತೆ. ಅಗ್ಗದ ಹಬ್‌ನಲ್ಲಿ ಬೆರಳಚ್ಚು ಯಂತ್ರ ಒಂದು ಸಲ ಕಾಣುತ್ತೆ, ಇನ್ನೊಂದು ಸಲ ಕಾಣಲ್ಲ. ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಅಗಲ ಕಿಂಡಿ, ತೂಕದ ಯಂತ್ರದ ಸೀರಿಯಲ್ ಕಿಂಡಿ ಇಲ್ಲಿರಲ್ಲ, ಪರಿವರ್ತಕ ಕೇಬಲ್ ತರಬೇಕು. ಡಿವಿಡಿ ಡ್ರೈವ್ ಇಲ್ಲ. ಹಲವು ಮಾಡೆಲ್‌ಗಳಲ್ಲಿ ಕ್ಯಾಮೆರಾ ಎಸ್‌ಡಿ ಕಾರ್ಡ್ ಕಿಂಡಿಯೂ ಇಲ್ಲ. ನಂಬರ್ ಪ್ಯಾಡ್ ಬೇಕಾದ ಟ್ಯಾಲಿಯವರು 14 ಇಂಚಿನದು ನೋಡಬೇಡಿ, 15.6 ಅಥವಾ 16 ಇಂಚಿನದರಲ್ಲಿ ಬಹುಪಾಲು ಇರುತ್ತೆ. ದಿನವಿಡೀ ಟೈಪ್ ಮಾಡುವವರು ಹಳೇ ಕೀಬೋರ್ಡನ್ನೇ ಜೋಡಿಸಿಕೊಳ್ಳೋದು ಉತ್ತಮ, ಲ್ಯಾಪ್‌ಟಾಪ್‌ನ ಒಂದು ಕೀಲಿ ಸವೆದರೆ ಇಡೀ ಕೀಬೋರ್ಡ್ ಬದಲಿಸಬೇಕಾದೀತು.

ಬಿಲ್, ತೆರಿಗೆ, ವಾರಂಟಿ

ಲ್ಯಾಪ್‌ಟಾಪ್ ಮೇಲೆ ಜಿಎಸ್‌ಟಿ 18%. ಒಂದು ಲಕ್ಷದ ಬಿಲ್ಲಿನಲ್ಲಿ ತೆರಿಗೆಯೇ 15 ಸಾವಿರದ ಮೇಲೆ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು, ವ್ಯಾಪಾರಕ್ಕೇ ಬಳಸುವುದಾದರೆ, ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ತೆಗೆದುಕೊಂಡರೆ ಇದನ್ನ ಹೂಡುವಳಿ ತೆರಿಗೆಯಾಗಿ ವಾಪಸ್ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಈ ಅವಕಾಶ ಇಲ್ಲ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40% ಸವಕಳಿ ಸಿಗುತ್ತೆ, ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಜಿಎಸ್‌ಟಿ ವಾಪಸ್ ಪಡೆದ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ ರಿಟರ್ನ್ ಹಾಕುವವರಿಗೆ ಸವಕಳಿ ಬೇರೆಯಾಗಿ ಸಿಗಲ್ಲ.

'ಬಿಲ್ ಬೇಡ ಅಂದ್ರೆ ಐದು ಸಾವಿರ ಕಡಿಮೆ' ಅನ್ನೋ ಮಾತಿಗೆ ಬಲಿಯಾಗಬೇಡಿ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳುವಾಗ, ಗ್ರಾಹಕ ಆಯೋಗಕ್ಕೆ ಹೋಗುವಾಗ ಕೈಯಲ್ಲಿ ಏನೂ ಇರಲ್ಲ. 'ನೋ ಕಾಸ್ಟ್ ಇಎಂಐ' ಅಂದಾಗಲೂ ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ಬೀಳಬಹುದು. ಕೇಳಿ ಬರೆಸಿಕೊಳ್ಳಿ.

ವಾರಂಟಿಯಲ್ಲಿ ಎರಡು ಬಗೆ: ತಂತ್ರಜ್ಞ ಅಂಗಡಿಗೇ ಬರುವ ಆನ್‌ಸೈಟ್, ಹೊತ್ತುಕೊಂಡು ಹೋಗಬೇಕಾದ ಕ್ಯಾರಿ-ಇನ್. ಹತ್ತಿರದ ಅಧಿಕೃತ ಸರ್ವೀಸ್ ಸೆಂಟರ್ ಜಿಲ್ಲಾ ಕೇಂದ್ರದಲ್ಲಿದೆಯೋ ಬೆಂಗಳೂರಿಗೇ ಹೋಗಬೇಕೋ, ನಮ್ಮ ಪಿನ್‌ಕೋಡ್‌ಗೆ ಆನ್‌ಸೈಟ್ ಸೇವೆ ಇದೆಯೋ ಅನ್ನೋದನ್ನ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿಯೇ ಕೇಳಬೇಕು. ಅಂಗಡಿಯವರ ಬಾಯಿಮಾತು ಸಾಲದು. ತಾಲ್ಲೂಕಿನವರಿಗೆ ಇದು ಕಾರ್ಡಿನ ವಾಟ್‌ನಷ್ಟೇ ದೊಡ್ಡ ವಿಷಯ. ಎರಡು ಮಾಡೆಲ್ ನಡುವೆ ಮನಸ್ಸು ತೂಗುತ್ತಿದ್ದರೆ ಸರ್ವೀಸ್ ಹತ್ತಿರ ಇರುವುದನ್ನೇ ಆರಿಸಿ, ಮೂರು ವರ್ಷದ ವಿಸ್ತರಿತ ವಾರಂಟಿಗೆ ಸ್ವಲ್ಪ ದುಡ್ಡು ಬೇರೆ ಎತ್ತಿಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡು ಸಾವಿರ ಕಡಿಮೆಗೆ ಸಿಕ್ಕರೂ, ತೊಂದರೆ ಬಂದಾಗ ಮಾರಿದವರ ಬಳಿ ಹೋಗಿಬರುವ ಬಸ್ ಚಾರ್ಜು, ಮುಚ್ಚಿದ ಅಂಗಡಿಯ ಒಂದು ದಿನ ಲೆಕ್ಕಕ್ಕೆ ಸೇರಿಸಿ.

ದೋಷದ ಸರಕು ಬಂದು ಮಾರಿದವರು ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಆನ್‌ಲೈನ್‌ನಲ್ಲಿ ಕೊಂಡಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ವ್ಯಾಪಾರಿಗಳು ಒಂದು ಅಂಶ ತಿಳಿದಿರಬೇಕು. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ 'ಗ್ರಾಹಕ' ಎಂದು ಪರಿಗಣಿಸಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಮಾತ್ರ ಕೊಂಡು ತಾವೇ ಬಳಸುವವರು ಇದರಿಂದ ಹೊರತು, ಅವರು ಗ್ರಾಹಕರೇ. ಒಬ್ಬರೇ ನಡೆಸುವ ಸ್ಟುಡಿಯೋದವರಿಗೆ ಬಾಗಿಲು ತೆರೆದಿದೆ. ಅಂಗಡಿಯ ಜಿಎಸ್‌ಟಿ ನಂಬರಿನಲ್ಲಿ ಬಿಲ್ ಇದ್ದಾಗ ಎದುರಿನವರು 'ಇದು ವಾಣಿಜ್ಯ ಖರೀದಿ' ಅಂತ ವಾದಿಸುವ ಸಾಧ್ಯತೆ ಇದೆ, ಅದಕ್ಕೆ ಉತ್ತರ ಇಟ್ಟುಕೊಂಡೇ ಹೋಗಬೇಕು.

ಮಾಲು ಕೈಗೆ ಬಂದ ದಿನ ಡಬ್ಬ ಒಡೆಯುವಾಗ ಮೊಬೈಲ್‌ನಲ್ಲಿ ಒಂದೇ ವಿಡಿಯೋ ಮಾಡಿ. ಡಬ್ಬದ ಮೇಲಿನ ಸೀರಿಯಲ್ ನಂಬರ್, ಲ್ಯಾಪ್‌ಟಾಪ್ ತಳದ ನಂಬರ್, ಬಿಲ್ಲಿನ ನಂಬರ್ ಮೂರೂ ಹೊಂದಬೇಕು. ಕಂಪನಿಯ ವೆಬ್‌ಸೈಟ್‌ನಲ್ಲಿ ಆ ನಂಬರ್ ಹಾಕಿ ವಾರಂಟಿ ಯಾವತ್ತಿನಿಂದ ಶುರು ಅಂತ ನೋಡಿ. ಆರು ತಿಂಗಳ ಹಿಂದಿನ ದಿನಾಂಕ ತೋರಿಸಿದರೆ ಬಿಲ್ ಕಳಿಸಿ ಸರಿಪಡಿಸಲು ಕೇಳಿ. ಆನ್‌ಲೈನ್‌ನಲ್ಲಿ ಬದಲಿಸಿಕೊಡುವ ಅವಧಿ ಬಹಳ ಕಡೆ ಏಳು ದಿನ ಅಷ್ಟೇ. ಆ ಏಳು ದಿನದಲ್ಲಿ ಅಂಗಡಿಯ ಅತಿ ದೊಡ್ಡ ರೆಂಡರ್ ಕೆಲಸ ಎರಡು ಸಲ ಓಡಿಸಿ, ಪ್ರತಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ ನೋಡಿ, ಕಪ್ಪು ಮತ್ತು ಬಿಳಿ ಚಿತ್ರ ಪೂರ್ತಿ ಪರದೆಗೆ ಹಾಕಿ ಚುಕ್ಕೆ ಇದೆಯೇ ಹುಡುಕಿ, ಒಮ್ಮೆ ಚಾರ್ಜರ್ ಕಿತ್ತು ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಬರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ಹಳೇ ಡೆಸ್ಕ್‌ಟಾಪ್ ಗುಜರಿಗೆ ಹಾಕಬೇಡಿ. ಅದರ ಹಾರ್ಡ್ ಡಿಸ್ಕನ್ನು ಆಮೇಲೂ ಕೊಡಬೇಡಿ, ಕೇಸ್ ಹಾಕಿದರೆ ಬ್ಯಾಕಪ್‌ಗೆ ಬರುತ್ತೆ. ಗಿರಾಕಿಗಳ ಆಧಾರ್ ಪ್ರತಿ, ಫೋಟೋ ಅದರೊಳಗೇ ಇರುತ್ತಲ್ಲ.